ಭರವಸೆ: ಕೊಡುವುದೋ, ಇಡುವುದೋ?

ಪತ್ರಿಕೆಗಳ ಕನ್ನಡದಲ್ಲಿ ಭರವಸೆಯನ್ನು ಕೊಡುತ್ತಾರೆ. ಸಚಿವರು ಕೊಡುತ್ತಾರೆ, ಜಿಲ್ಲಾಧಿಕಾರಿಗಳು ಕೊಡುತ್ತಾರೆ, ಧರಣಿ ಕೂತವರ ಪೆಂಡಾಲಿಗೇ ಬಂದು ಶಾಸಕರು ಕೊಡುತ್ತಾರೆ. ಹುಬ್ಬಳ್ಳಿ–ಧಾರವಾಡದ ಚರ್ಚುಗಳಲ್ಲಿ ಅದೇ ಶಬ್ದಕ್ಕೆ ಬೇರೆ ಕ್ರಿಯಾಪದ. ಅಲ್ಲಿ ಭರವಸೆಯನ್ನು ಇಡುತ್ತಾರೆ. ಪರೀಕ್ಷೆಗೆ ಹೊರಟ ಮಗಳಿಗೂ ಆಸ್ಪತ್ರೆಯ ವಾರ್ಡಿನ ಹೊರಗೆ ಕೂತ ತಂಗಿಗೂ ಹೇಳುವ ಮಾತು ಒಂದೇ: “ಯೇಸಪ್ಪನ ಮ್ಯಾಲ ಭರವಸಾ ಇಡವಾ.”

ಮರಾಠಿಯ ಭರವಸಾ, ಹಿಂದಿಯ ಭರೋಸಾ ಇದರ ಬಳಗದವೇ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತರೆ ಮೂರೂ ಕಿವಿಗೆ ಬೀಳುತ್ತವೆ. ಕೊಡುವ ಭರವಸೆಗೆ ಈ ಭಾಗದಲ್ಲಿ ಒಳ್ಳೆಯ ಹೆಸರಿಲ್ಲ ಎನ್ನುವುದಕ್ಕೆ ಮಹದಾಯಿ ಒಂದೇ ಸಾಕು. ನರಗುಂದ–ನವಲಗುಂದದ ರೈತರು 2015ರಲ್ಲಿ ಹೋರಾಟಕ್ಕೆ ಕೂತರು. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕದ ಪಾಲಿಗೆ 13.42 ಟಿಎಂಸಿ ಅಡಿ ನೀರು ಹಂಚಿತು. 2020ರ ಫೆಬ್ರುವರಿಯಲ್ಲಿ ಅಧಿಸೂಚನೆಯೂ ಬಂತು. ಅದರ ಹಿಂದೆ ಮುಂದೆ ಬಂದ ಭರವಸೆಗಳ ಲೆಕ್ಕ ಇಟ್ಟವರಿಲ್ಲ. ‘ಭರವಸೆ ಹುಸಿಯಾಯಿತು’ ಎಂಬ ವಾಕ್ಯ ಹುಟ್ಟುವುದು ಕೊಟ್ಟ ಭರವಸೆಗೆ ಮಾತ್ರ. ಇಟ್ಟ ಭರವಸೆಯನ್ನು ಕಳೆದುಕೊಳ್ಳಬಹುದು. ಆದರೆ ಕಳೆದುಕೊಂಡವನು ಇಟ್ಟವನೇ.

ಹಾಗಾದರೆ ದೇವರು ಕೊಡುವುದಕ್ಕೆ ಏನನ್ನುತ್ತಾರೆ? ವಾಗ್ದಾನ. ಕ್ರೈಸ್ತರಲ್ಲದ ಕನ್ನಡಿಗರಿಗೆ ಈ ಮಾತು ಮದುವೆ ಶಾಸ್ತ್ರದ್ದು, ಹೆಣ್ಣು ಕೊಡುತ್ತೇವೆಂದು ಬಾಯಿಮಾತಿನಲ್ಲಿ ಒಪ್ಪುವ ಘಟ್ಟದ್ದು. ಬೈಬಲಿನ ಕನ್ನಡದಲ್ಲಿ ಅದು ಅಬ್ರಹಾಮನಿಗೆ ಸಿಕ್ಕ ಮಾತು. ಕಾನಾನಿಗೆ ವಾಗ್ದಾನದ ದೇಶವೆಂದೇ ಹೆಸರು. ಅನುವಾದಕರ ಮುಂದೆ ‘ವಚನ’ವೂ ಇತ್ತು, ‘ಭಾಷೆ’ಯೂ ಇತ್ತು. ಆದರೆ ಧಾರವಾಡದ ನೆಲದಲ್ಲಿ ವಚನವೆಂದರೆ ಮೊದಲು ನೆನಪಾಗುವವರು ಶರಣರು, ಭಾಷೆ ಕೊಡುವುದೆಂದರೆ ಪುಣ್ಯಕೋಟಿ. ವಾಗ್ದಾನದಲ್ಲಿ ದಾನವೂ ಸೇರಿರುವುದು ಕ್ರೈಸ್ತ ಬಳಕೆಗೆ ಚೆನ್ನಾಗಿ ಒಗ್ಗಿದೆ. 2023ರ ಚುನಾವಣೆಯ ನಂತರ ಮನೆಮಾತಾದ ‘ಗ್ಯಾರಂಟಿ’ ಆ ಜಾಗಕ್ಕೆ ಬರಲಾರದು. ಗ್ಯಾರಂಟಿಗೆ ಅರ್ಜಿ ಬೇಕು, ಆಧಾರ್ ಬೇಕು.

ಹೊಸ ವರ್ಷದ ಆರಾಧನೆಯಲ್ಲಿ ಅನೇಕ ಸಭೆಗಳು ವಾಗ್ದಾನದ ಚೀಟಿ ಹಂಚುತ್ತವೆ. ಕೈಗೆ ಬಂದ ವಾಕ್ಯ ಆ ವರ್ಷವೆಲ್ಲ ಗೋಡೆಯ ಮೇಲೆ, ಇಲ್ಲವೇ ಪರ್ಸಿನಲ್ಲಿ ಇರುತ್ತದೆ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಕ್ರೈಸ್ತರು ದಿನಕ್ಕೊಂದು ವಾಕ್ಯವನ್ನು ಚೀಟಿ ಎತ್ತಿ ಆರಿಸಿ 1731ರಿಂದ ಪುಸ್ತಕವಾಗಿ ಅಚ್ಚು ಹಾಕುತ್ತ ಬಂದಿದ್ದಾರೆ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಕಾಲಿಟ್ಟ ಬಾಸೆಲ್ ಮಿಷನ್ನಿನವರೂ ಅಂಥದೇ ಭಕ್ತಿಪಂಥದ ಗಾಳಿಯಲ್ಲಿ ಬೆಳೆದವರು.

ಅವರಿಗೂ ಇಲ್ಲಿ ದೊಡ್ಡ ಜಯ ಕಣ್ಣೆದುರಿಗೆ ಬಂದು ನಿಂತಂತೆ ಕಂಡದ್ದುಂಟು. ಕಾಲಜ್ಞಾನದ ಮಾತುಗಳನ್ನು ನಂಬಿದ್ದ ಒಂದು ಪಂಥದ ಜನ ಹುಬ್ಬಳ್ಳಿ ಸೀಮೆಯಲ್ಲಿ ಮಿಷನರಿಗಳ ಹತ್ತಿರ ಬಂದರು. ಗುಂಪುಗುಂಪಾಗಿ ಕ್ರೈಸ್ತರಾಗುತ್ತಾರೆಂಬ ಉತ್ಸಾಹದಲ್ಲಿ ಗದಗಿನ ಹತ್ತಿರ ಮಲಸಮುದ್ರದಲ್ಲಿ 1841ರಲ್ಲಿ ಕೃಷಿ ವಸಾಹತು ಕಟ್ಟುವ ಕೆಲಸ ಶುರುವಾಯಿತು. ಗುಂಪುಗಳು ಬರಲಿಲ್ಲ. ಎರಡು ಕಡೆಯವರೂ ತಮ್ಮ ತಮ್ಮ ಭವಿಷ್ಯವಾಣಿ ಇಲ್ಲಿ ನೆರವೇರುತ್ತಿದೆ ಎಂದು ಓದಿಕೊಂಡಿದ್ದರು. ಎರಡೂ ಓದು ತಪ್ಪಿತು. ಮಿಷನ್ ಮಾತ್ರ ಊರು ಬಿಡಲಿಲ್ಲ. 1853ರಲ್ಲಿ ಧಾರವಾಡಕ್ಕೆ ಬಂದ ಕಿಟೆಲ್ ಇಂದು ನೆನಪಿರುವುದು ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರೆಂದು ಅಲ್ಲ, 1894ರ ನಿಘಂಟಿನಿಂದ. ಯಾರೂ ಪ್ರಾರ್ಥಿಸಿ ಕೇಳಿಕೊಳ್ಳದೇ ಬಂದ ಜಯಗಳ ಪಟ್ಟಿಗೆ ಅದನ್ನು ಸೇರಿಸಬಹುದು.

ಜಯ ಎಂಬ ಶಬ್ದವೂ ಚರ್ಚಿನೊಳಗೆ ವಿಚಿತ್ರವಾಗಿ ವರ್ತಿಸುತ್ತದೆ. ಹೊರಗೆ ಅದು ಕ್ರಿಕೆಟ್ಟಿನದು, ಚುನಾವಣೆಯದು. ಇನ್ನೊಬ್ಬ ಸೋಲದೆ ಅದಿಲ್ಲ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಹಸಿವು, ಮೈಗೆ ಬಟ್ಟೆಯಿಲ್ಲದ ಸ್ಥಿತಿ, ಕತ್ತಿ ಎಂದೆಲ್ಲ ಎಣಿಸಿ, ಇವುಗಳ ನಡುವೆಯೇ ಜಯ ಎನ್ನುತ್ತಾನೆ. ಇವು ಮುಗಿದ ಮೇಲೆ ಎನ್ನುವುದಿಲ್ಲ. ಧಾತು ಸಂವತ್ಸರದ ಬರ, ಅಂದರೆ 1876–78ರ ಮಹಾಕ್ಷಾಮ, ಈ ಜಿಲ್ಲೆಗಳನ್ನು ಹಿಂಡಿದಾಗ ಮಿಷನ್ನಿನ ಅನಾಥಾಲಯಗಳಿಗೆ ಸೇರಿದ ಮಕ್ಕಳಿಗೆ ಆ ಪಟ್ಟಿಯ ಮೊದಲ ಎರಡರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಪಾದ್ರಿಗಳ ಸರದಿ ಬಂತು. ಜರ್ಮನರೆಂಬ ಕಾರಣಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಹಿಡಿದಿಟ್ಟಿತು, ಆಮೇಲೆ ದೇಶದಿಂದಲೇ ಸಾಗಹಾಕಿತು. ಸಭೆಗಳು ಉಳಿದವು. ಅವುಗಳ ಮುಂದಿನ ತಲೆಮಾರು 1968ರಲ್ಲಿ ದಕ್ಷಿಣ ಭಾರತ ಸಭೆಯನ್ನು ಸೇರಿತು. ಅದರ ಕರ್ನಾಟಕ ಉತ್ತರ ಸಭಾಪ್ರಾಂತದ ಕೇಂದ್ರ ಈಗ ಧಾರವಾಡ.

ಈ ಹಳೆಯ ಸಭೆಗಳು ಜಯವನ್ನು ಕೈ ಬಿಗಿಹಿಡಿದು ಖರ್ಚು ಮಾಡುತ್ತವೆ. ಪೌಲನ ಇನ್ನೊಂದು ಪತ್ರದ ಜಯದ ಮಾತುಗಳನ್ನು ಅಲ್ಲಿ ಓದುವುದು ಹೆಚ್ಚಾಗಿ ಮಣ್ಣಿನ ಹೊತ್ತಿನಲ್ಲಿ. ಹೊಸ ಪ್ರಾರ್ಥನಾ ಮಂದಿರಗಳಲ್ಲಿ ಹಾಗಲ್ಲ. ಅಲ್ಲಿ ಜಯ ಧ್ವನಿವರ್ಧಕದ ಶಬ್ದ. ಸಾಕ್ಷಿ ಹೇಳುವ ಹೊತ್ತಿಗೆ ನೌಕರಿ, ಸೀಟು, ವೀಸಾ, ತೀರಿದ ಸಾಲ ಎಲ್ಲವೂ ಜಯವೇ. ಇದನ್ನು ನೋಡಿ ಹಳೆಯ ಸಭೆಯವರು ಮೂಗು ಮುರಿಯುವುದು ಅಷ್ಟೇನೂ ನ್ಯಾಯವಲ್ಲ. ಬಡ್ಡಿ ತೀರಿಸಿದ ಹೆಣ್ಣುಮಗಳು ಎದ್ದು ನಿಂತು ಜಯ ಎಂದರೆ ಆ ಶಬ್ದಕ್ಕೇನೂ ಕಳಂಕ ಬರುವುದಿಲ್ಲ. ತೊಂದರೆ ಬರುವುದು, ಸಾಲ ತೀರದವಳಿಗೆ ಆ ಮೈಕಿನ ಮುಂದೆ ಹೇಳಲು ಮಾತೇ ಸಿಗದಾಗ.

ಅವಳಿಗೂ ಬೈಬಲಿನಲ್ಲಿ ಜಾಗವಿದೆ. ಇಬ್ರಿಯರಿಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯ ನಂಬಿಕೆಯಿಂದ ರಾಜ್ಯಗಳನ್ನು ಗೆದ್ದವರನ್ನೂ ಸಿಂಹಗಳ ಬಾಯಿ ಕಟ್ಟಿದವರನ್ನೂ ಹೆಸರಿಸುತ್ತ ಹೋಗಿ, ಉಸಿರು ಬಿಡದೆ, ಕಲ್ಲೆಸೆತಕ್ಕೆ ಸತ್ತವರ, ಗರಗಸಕ್ಕೆ ಸಿಕ್ಕವರ ಪಟ್ಟಿಗೆ ಹೊರಳುತ್ತದೆ. ವಾಗ್ದಾನ ಮಾಡಿದ್ದು ಇವರ ಕೈಗೆ ಬರಲಿಲ್ಲ ಎಂದೂ ಮರೆಮಾಚದೆ ದಾಖಲಿಸುತ್ತದೆ. ಜಯೋತ್ಸವ ಕೂಟಗಳ ಬ್ಯಾನರಿಗೆ ಮಾತ್ರ ಮೊದಲರ್ಧವೇ ಸಾಕಾಗುತ್ತದೆ.