ಗೀತಚಿತ್ರೀಕರಣಾಭ್ಯಾಸ

ಪುಣೆಯ ಲಾ ಕಾಲೇಜು ರಸ್ತೆಯಲ್ಲಿ, ಪ್ರಭಾತ್ ಸ್ಟುಡಿಯೋದ ಹಳೆಯ ಆವರಣದಲ್ಲಿ 1960ರಲ್ಲಿ ಸ್ಥಾಪಿತವಾಗಿ, 1974-75ರಲ್ಲಿ ಗಿರೀಶ ಕಾರ್ನಾಡರನ್ನು ನಿರ್ದೇಶಕರನ್ನಾಗಿಯೂ ಆ ಕಾಲದಲ್ಲೇ ಗಿರೀಶ ಕಾಸರವಳ್ಳಿಯವರನ್ನು ವಿದ್ಯಾರ್ಥಿಯನ್ನಾಗಿಯೂ ಪಡೆದಿದ್ದ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ, ಹಿನ್ನೆಲೆಗಾಯನದ ಹಾಡೊಂದನ್ನು ನಮ್ಮ ಚಿತ್ರಸಂಪ್ರದಾಯಾನುಸಾರವಾಗಿ ದೃಶ್ಯಕ್ಕಿಳಿಸಲು ವಿದ್ಯಾರ್ಥಿಗಳು ಮಾಡುವ ಅಭ್ಯಾಸ. ಮೊದಲೇ ಧ್ವನಿಮುದ್ರಿತವಾದ ಹಾಡನ್ನು ಸೆಟ್ಟಿನಲ್ಲಿ ಧ್ವನಿವರ್ಧಕದ ಮೂಲಕ ಮೊಳಗಿಸುತ್ತ, ಪಲ್ಲವಿಗೊಂದು ಶಾಟು, ಅರ್ಧ ಚರಣಕ್ಕೊಂದು ಶಾಟು ಎಂಬಂತೆ ತುಂಡುತುಂಡಾಗಿ ಚಿತ್ರೀಕರಿಸುವಾಗ, ನಟಿಯು ಉಸಿರು ತುಂಬಿಕೊಂಡು, ಕೊರಳ ನರ ಬಿಗಿಯುವಂತೆ ತಾನೂ ಹಾಡತಕ್ಕದ್ದು. ತುಟಿಯಷ್ಟೇ ಆಡಿದರೆ ಕಂಠವು ಪರಕೀಯವೆಂಬುದು ಒಡನೆಯೇ ಬಯಲಾಗುತ್ತದೆ. ಸೆಕೆಂಡಿಗೆ 24 ಫ್ರೇಮುಗಳ ಓಟದಲ್ಲಿ ನಾಲ್ಕಾರು ಫ್ರೇಮು ಜಾರಿದರೂ ಕಣ್ಣು ಕ್ಷಮಿಸದು. ತಾಳದ ಪ್ರತಿ ಪೆಟ್ಟಿಗೂ ಕತ್ತರಿಯಿಡುವುದು ಹೊಸಬರ ಚಾಪಲ್ಯ. ಹಾಡು ನಿಂತು ವಾದ್ಯಗಳು ಮಾತ್ರ ನುಡಿಯುವ ಭಾಗದಲ್ಲಿ ಪಾತ್ರವು ನಡೆಯುವುದಕ್ಕೋ ತಿರುಗಿ ನೋಡುವುದಕ್ಕೋ ತಕ್ಕ ಕಾರಣವನ್ನು ಕಲ್ಪಿಸುವುದರಲ್ಲಿಯೇ ವಿದ್ಯಾರ್ಥಿಯ ಹೆಚ್ಚಿನ ಶ್ರಮ ಸಲ್ಲುತ್ತದೆ.