ಮಸ್ಕತ್ತಿಗೆ ಹೋದ ಮಾತು

ಹದಿನೆಂಟನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಂಗಳೂರಿನ ಅಕ್ಕಿ ಮಸ್ಕತ್ತಿನ ಬಂದರಿನಲ್ಲಿ ಇಳಿಯುತ್ತಿತ್ತು. ಟಿಪ್ಪು ಸುಲ್ತಾನ ಅಲ್ಲಿ ಮೈಸೂರಿನ ವ್ಯಾಪಾರ ಕೋಠಿಯನ್ನೇ ಇಟ್ಟಿದ್ದ. ಅದರ ದರೋಗ, ಅಂದರೆ ಮೇಲ್ವಿಚಾರಕ, ಮೀರ್ ಕಾಜಿಮನಿಗೆ ಟಿಪ್ಪು ಬರೆಸಿದ ಪತ್ರಗಳನ್ನು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ. ಸರಕಿನ ದರ, ಮಾರಾಟದ ಹದ, ರೇಷ್ಮೆ ಹುಳು ಕಳಿಸುವ ಬಗೆ, ಎಲ್ಲವೂ ಅವುಗಳಲ್ಲಿವೆ. ಮಳೆಗಾಲದಲ್ಲಿ ಹಾಯಿ ಹಡಗು ಕಡಲಿಗಿಳಿಯುತ್ತಿರಲಿಲ್ಲ. ಹಡಗು ನಿಂತರೆ ಮಾತೂ ನಿಲ್ಲುತ್ತಿತ್ತು.

ಇಂದು ಕರಾವಳಿಯಲ್ಲಿ ಯಾರೋ ಬೆರಳಾಡಿಸಿದ ಮಾತು ಮಸ್ಕತ್ತಿನ ಅಲ್ ಖುವೈರ್ ತಲುಪಲು ಒಂದು ಗಳಿಗೆಯೂ ಬೇಡ. 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದಾಗ ಇಡೀ ಒಮಾನಿನಲ್ಲಿ ಟಾರು ರಸ್ತೆ ಇದ್ದದ್ದು ಹತ್ತು ಕಿಲೋಮೀಟರಿನಷ್ಟು. ಆಮೇಲಿನ ದಶಕಗಳಲ್ಲಿ ಹಳೆಯ ಮಸ್ಕತ್ತು, ಮತ್ರಾಗಳ ಗುಡ್ಡಗಳ ನಡುವೆ ಜಾಗ ಸಾಲದೆ ನಗರ ಪಶ್ಚಿಮಕ್ಕೆ ಚಾಚಿಕೊಂಡಿತು. ಹಾಗೆ ಬೆಳೆದ ಬಡಾವಣೆಗಳಲ್ಲಿ ಅಲ್ ಖುವೈರ್ ಒಂದು. ಕಡಲ ಕಡೆಗೆ ಸಚಿವಾಲಯಗಳು, ಹೆದ್ದಾರಿಗೆ ತಾಗಿ ಜವಾವಿ ಮಸೀದಿ, ಒಳಗೆ ಅಂಗಡಿ ಸಾಲು, ಬಾಡಿಗೆ ಫ್ಲ್ಯಾಟುಗಳು. ಭಾರತದ ರಾಯಭಾರ ಕಚೇರಿ ಇರುವುದೂ ಇಲ್ಲಿನ ರಾಜತಾಂತ್ರಿಕ ವಲಯದಲ್ಲೇ.

ಕರಾವಳಿಯಿಂದ ಇಲ್ಲಿಗೆ ದುಡಿಯಲು ಬಂದ ಮೊದಲ ತಲೆಮಾರಿನವರು ಊರಿನೊಡನೆ ಮಾತಾಡಿದ್ದು ಏರ್‌ಮೇಲ್ ಕಾಗದದಲ್ಲಿ. ರಜೆಗೆ ಹೊರಟವರ ಪೆಟ್ಟಿಗೆಯಲ್ಲಿ ನಾಲ್ಕೈದು ಮನೆಗಳ ಪತ್ರ ಇರುತ್ತಿತ್ತು. ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ ತುಂಬಿಸಿದ ಕ್ಯಾಸೆಟ್ ಕೂಡ. ಬರೆಯಲು ಬಾರದವರಿಗೆ ಬರೆದುಕೊಡುವವರಿದ್ದರು, ಊರಲ್ಲಿ ತಾಯಿಗೆ ಓದಿ ಹೇಳುವವರಿದ್ದರು. ಸಿಟ್ಟಿನಲ್ಲಿ ಹೇಳಿಸಿದ ಸಾಲನ್ನು ‘ಇದು ಬೇಡ ಮಾರಾಯ’ ಎಂದು ಬಿಟ್ಟುಬಿಡುವಷ್ಟು ಸಲಿಗೆ ಬರೆಯುವವನಿಗಿತ್ತು. ಕಾಗದ ತಲುಪುವ ಹೊತ್ತಿಗೆ ಸಿಟ್ಟು ಇಳಿದಿರುತ್ತಿತ್ತು. ಆಮೇಲೆ ದೂರವಾಣಿ ಕಂಪನಿ ಒಮಾನ್‌ಟೆಲ್‌ನ ‘ಜಿಬ್ರೀನ್’ ಕರೆ ಕಾರ್ಡು ಬಂತು. ನಿಮಿಷಕ್ಕೆ ದುಡ್ಡು ಕರಗುವಾಗ ಯಾರೂ ವದಂತಿ ಹೇಳುತ್ತ ಕೂರುವುದಿಲ್ಲ.

ಸ್ಮಾರ್ಟ್‌ಫೋನು ಇದನ್ನೆಲ್ಲ ಒರೆಸಿಹಾಕಿತು. ವಾಟ್ಸ್‌ಆ್ಯಪ್ ಕರೆಗೆ ಒಮಾನಿನಲ್ಲಿ ವರ್ಷಗಟ್ಟಲೆ ಅವಕಾಶವಿಲ್ಲದ್ದರಿಂದ ಬರಹ, ವಾಯ್ಸ್ ಮೆಸೇಜು, ಫಾರ್ವರ್ಡುಗಳೇ ಊರಿನ ಕೊಂಡಿಯಾದವು. ಕುಟುಂಬದ ಗ್ರೂಪು, ಸಂಘದ ಗ್ರೂಪು, ಜಾತಿಯ ಗ್ರೂಪು. ಮನೆಗೆ ಸೀಮಿತವಾಗಿದ್ದ ಮಾತು ಊರ ಪರವೂರ ಪಾಲಾಯಿತು.

ಇದರ ಬೆಲೆ ಎಷ್ಟೆಂದು 2020ರ ಏಪ್ರಿಲ್ ತೋರಿಸಿತು. ಕೊರೊನಾ ಹಬ್ಬಿತ್ತು, ವಿಮಾನಗಳಿರಲಿಲ್ಲ, ಮಸ್ಕತ್ ಲಾಕ್‌ಡೌನಿನಲ್ಲಿತ್ತು. ದೆಹಲಿಯ ತಬ್ಲೀಗಿ ಜಮಾತ್ ಸಮಾವೇಶದ ನಂತರ ಸೋಂಕಿಗೆ ಮುಸ್ಲಿಮರನ್ನು ದೂಷಿಸುವ ಪೋಸ್ಟುಗಳನ್ನು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ಕೆಲವು ಭಾರತೀಯರೂ ಹಾಕಿದರು. ಹಲವರು ಕೆಲಸ ಕಳೆದುಕೊಂಡರು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2015ರಲ್ಲಿ ಅರಬ್ ಮಹಿಳೆಯರ ಬಗ್ಗೆ ಹಾಕಿದ್ದ ಟ್ವೀಟೊಂದನ್ನು ಯಾರೋ ಹುಡುಕಿ ತೆಗೆದರು. ಅದು ಕೊಲ್ಲಿಯುದ್ದಕ್ಕೂ ಆಕ್ರೋಶ ಎಬ್ಬಿಸಿತು. ಅವರು ಅದನ್ನು ಅಳಿಸಿದರು, ಆದರೆ ಚಿತ್ರ ತೆಗೆದಿಟ್ಟುಕೊಂಡವರ ಬಳಿ ಅದು ಉಳಿದೇ ಇತ್ತು.

ಅದೇ ತಿಂಗಳು ಒಮಾನ್ ರಾಜಮನೆತನದ ಮೋನಾ ಬಿಂತ್ ಫಹದ್ ಅಲ್ ಸಯೀದ್ ಅವರ ಹೆಸರಿನ ಟ್ವಿಟರ್ ಖಾತೆಯೊಂದು ಭಾರತದ ಮುಸ್ಲಿಮರ ಮೇಲಿನ ದೌರ್ಜನ್ಯ ನಿಲ್ಲದಿದ್ದರೆ ಹತ್ತು ಲಕ್ಷ ಭಾರತೀಯ ಕೆಲಸಗಾರರನ್ನು ಒಮಾನಿನಿಂದ ಹೊರಹಾಕಬಹುದೆಂದು ಸಾರಿತು. ಅದು ನಕಲಿ ಖಾತೆ. ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದಲ್ಲಿ ಹಿರಿಯ ಹೊಣೆ ಹೊತ್ತಿದ್ದ ಅವರೇ ಮುಂದೆ ಬಂದು ಅದು ತಮ್ಮದಲ್ಲ ಎಂದು ತಿಳಿಸಿದರು. ಆಗ ಭಾರತದ ರಾಯಭಾರಿಯಾಗಿದ್ದ ಮುನು ಮಹಾವರ್, ಮೋನಾ ಅವರಿಗೆ ಬಹಿರಂಗವಾಗಿ ಕೃತಜ್ಞತೆ ಹೇಳಿದರು. ಸುಳ್ಳು ಹರಡಲು ಒಂದು ದಿನ ಸಾಕಾಗಿತ್ತು. ಆದರೆ ಕೆಲಸ, ವೀಸಾ, ವಿಮಾನ ಮೂರೂ ಅನಿಶ್ಚಿತವಾಗಿದ್ದ ಹೊತ್ತಿನಲ್ಲಿ ‘ನಮ್ಮನ್ನು ಕಳಿಸಿಬಿಡುತ್ತಾರಂತೆ’ ಎಂಬ ಸುದ್ದಿ ಕೂಲಿ ಕ್ಯಾಂಪಿನ ಮಂಚದ ಮೇಲೆ ಮಲಗಿದವನಿಗೆ ಏನು ಮಾಡಿರಬೇಕು ಎಂಬುದನ್ನು ಆ ಖಾತೆ ನಡೆಸಿದವರು ಲೆಕ್ಕಕ್ಕೆ ತೆಗೆದುಕೊಳ್ಳಲೇ ಇಲ್ಲ.

ಒಮಾನಿನ ಸೈಬರ್ ಅಪರಾಧ ಕಾನೂನು 2011ರದು. ಧಾರ್ಮಿಕ ಮೌಲ್ಯಕ್ಕೋ ಸಾರ್ವಜನಿಕ ಶಾಂತಿಗೋ ಧಕ್ಕೆ ತರುವ ಬರಹಕ್ಕೆ ಅದರ 19ನೇ ವಿಧಿಯಲ್ಲಿ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, ಸಾವಿರದಿಂದ ಮೂರು ಸಾವಿರ ರಿಯಾಲ್ ದಂಡವಿದೆ. ಕಾನೂನು ಕಠಿಣ ಎಂಬುದು ಒಂದು ಮಾತು. ಅದಕ್ಕಿಂತ ಹೆಚ್ಚು ಹೆದರಿಸುವುದು, ಬರೆದವನ ಬದಲು ಬರೆಯದವನು ಸಿಕ್ಕಿಬೀಳುವ ಸಾಧ್ಯತೆ.

ನೆರೆಯ ಸೌದಿಯಲ್ಲಿ ಹಾಗೇ ಆಯಿತು. ದಮ್ಮಾಮಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದ ಕುಂದಾಪುರ ಕಡೆಯ ಒಬ್ಬರು 2019ರ ಡಿಸೆಂಬರಿನಲ್ಲಿ ಬಂಧನಕ್ಕೊಳಗಾದರು. ಮೆಕ್ಕಾ ಮತ್ತು ಸೌದಿ ಯುವರಾಜನನ್ನು ನಿಂದಿಸಿದ ಪೋಸ್ಟು ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿತ್ತು. ಅದಕ್ಕೆ ಮೊದಲು ಭಾರತದ ಪೌರತ್ವ ತಿದ್ದುಪಡಿ ಕಾಯ್ದೆಯ ಗಲಾಟೆಯ ವೇಳೆ ಹಂಚಿಕೊಂಡ ಒಂದು ಪೋಸ್ಟಿಗೆ ಅವರು ವಿಡಿಯೊ ಮಾಡಿ ಕ್ಷಮೆ ಕೇಳಿ, ತಮ್ಮ ಖಾತೆಯನ್ನೇ ಮುಚ್ಚಿದ್ದರು. ನಿಂದನೆಯ ಖಾತೆ ಬೇರೆಯವರು ತೆರೆದದ್ದು. ಹೆಂಡತಿ ಉಡುಪಿಯಲ್ಲಿ ದೂರು ಕೊಟ್ಟರು. ತನಿಖೆ ಮೂಡುಬಿದಿರೆಯ ಇಬ್ಬರನ್ನು ತಲುಪಿತು. ಸುಮಾರು 20 ತಿಂಗಳು ಜೈಲಿನಲ್ಲಿದ್ದು ಅವರು 2021ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದಿಳಿದರು.

ಓಡುವ ಮಾತಿನ ಬೆಲೆ ತೆತ್ತವರು ಊರಿನಲ್ಲೂ ಇದ್ದಾರೆ. ಗಲ್ಫಿನಿಂದ ಬಂದವರು ಮಕ್ಕಳ ಕೈಗೆ ಚಾಕೊಲೇಟು ಕೊಡುವುದು ನಮ್ಮಲ್ಲಿ ಪ್ರೀತಿಯ ರೂಢಿ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಅದೇ ಕೊಲೆಗೆ ನೆಪವಾಯಿತು. ಕತಾರಿನ ಸ್ನೇಹಿತನೊಡನೆ ಬಂದಿದ್ದ ಹೈದರಾಬಾದಿನ ಯುವಕರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದರು. ಮಕ್ಕಳ ಕಳ್ಳರೆಂದು ವಿಡಿಯೊ ವಾಟ್ಸ್‌ಆ್ಯಪಿನಲ್ಲಿ ಓಡಿತು, ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮ ತಲುಪಿತು. ಅಲ್ಲಿ ಕಾದಿದ್ದ ಗುಂಪು ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು ಹೊಡೆದು ಕೊಂದಿತು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನು ಪ್ರಕಟಿಸಿತು. ದೇಶದ ಹಲವೆಡೆ ಹೆಣ ಬಿದ್ದ ಮೇಲೆ.

ಕುಂದಾಪುರದವರಂತೆ ನಕಲಿ ಖಾತೆಯಿಂದಲೇ ಸೌದಿಯಲ್ಲಿ ಜೈಲು ಸೇರಿದ ಮಂಗಳೂರಿನ ಇನ್ನೊಬ್ಬರದ್ದು ಇನ್ನೂ ದೀರ್ಘ ಕಥೆ. ಅವರಿಗೆ 15 ವರ್ಷದ ಶಿಕ್ಷೆಯಾಯಿತು. ಮಂಗಳೂರು ಪೊಲೀಸರು ಖಾತೆಯ ವಿವರ ಕೇಳಿ ಫೇಸ್‌ಬುಕ್‌ಗೆ ಬರೆದರೂ ಉತ್ತರ ಬಾರದೆ ತನಿಖೆ ಕುಂಟಿತು. ಹೆಂಡತಿ ಹೈಕೋರ್ಟಿಗೆ ಹೋದರು. 2023ರ ಜೂನಿನಲ್ಲಿ ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್, ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಮುಚ್ಚಿಸುವ ಆದೇಶವನ್ನು ಪರಿಗಣಿಸಬೇಕಾದೀತು ಎಂದು ಎಚ್ಚರಿಸಿದರು. ಅಷ್ಟು ಹೊತ್ತಿಗೆ ಆ ಮನುಷ್ಯ ಜೈಲಿಗೆ ಹೋಗಿ ಮೂರು ವರ್ಷ ದಾಟಿತ್ತು.