ಹಿಪ್‌ಹಾಪ್ ಆಲ್ಬಮ್ಮಿನ ಬಾಳಿಕೆ: ಭೀಮಾ ಸೀಮೆಯ ಪದಪರಂಪರೆಯ ನೆಲೆಯಿಂದ ಒಂದು ಟಿಪ್ಪಣಿ

1. ಪ್ರಶ್ನೆ

ಹಿಪ್‌ಹಾಪ್ ಆಲ್ಬಮ್ಮೊಂದನ್ನು ಕ್ಲಾಸಿಕ್ ಎನ್ನುವವರು ಸಾಮಾನ್ಯವಾಗಿ ಮೂರು ಸಾಕ್ಷಿ ಕೊಡುತ್ತಾರೆ: ಮಾರಾಟ, ವಿಮರ್ಶಕರ ಮೆಚ್ಚುಗೆ, ಪ್ರಶಸ್ತಿ. ಕೃತಿ ಹೊರಬಂದಾಗ ಜನ ಹೇಗೆ ಬರಮಾಡಿಕೊಂಡರು ಎಂಬುದು ಇವುಗಳಿಂದ ತಿಳಿಯುತ್ತದೆ. ಅದು ಯಾಕೆ ಉಳಿಯಿತು ಎಂಬುದು ತಿಳಿಯುವುದಿಲ್ಲ. ಆ ಎರಡನೆಯ ಪ್ರಶ್ನೆಯನ್ನು ಕೇಳಲು ಭೀಮಾ ನದಿ ಸೀಮೆಯ ಕಲಬುರಗಿ ಜಿಲ್ಲೆಯಲ್ಲಿ ಹವಳಗಾ ಗ್ರಾಮ ಇರುವ ಅಫಜಲಪುರ ತಾಲೂಕು ಮತ್ತು ನೆರೆಯ ಆಳಂದ, ಜೇವರ್ಗಿ ಸೀಮೆ ತಕ್ಕ ಜಾಗ. ಗೀಗೀ ಮೇಳ, ಮೊಹರಮ್ಮಿನ ರಿವಾಯತ್ ಪದ, ತತ್ವಪದದ ಭಜನೆ, ಹೀಗೆ ತಾಳಕ್ಕೆ ಪ್ರಾಸ ಕೂಡಿಸಿ ಹಾಡುವ ಹಲವು ಪರಂಪರೆಗಳು ಇಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಇವಕ್ಕೂ ನ್ಯೂಯಾರ್ಕಿನ ಹಿಪ್‌ಹಾಪ್‌ಗೂ ಚಾರಿತ್ರಿಕ ನಂಟಿಲ್ಲ. ಆದರೆ ಹಾಡು ಉಳಿಯುವ ಬಗೆಯಲ್ಲಿ ಹೋಲಿಕೆ ಇದೆ, ಅದನ್ನು ಗುರುತಿಸುವುದು ಈ ಟಿಪ್ಪಣಿಯ ಉದ್ದೇಶ.

2. ಒಂದು ಮಾದರಿ

ನಾಸ್ ಎಂಬ ಕವಿ-ಗಾಯಕನ ‘ಇಲ್‌ಮ್ಯಾಟಿಕ್’ ಆಲ್ಬಮ್ 1994ರ ಏಪ್ರಿಲ್ 19ರಂದು ಬಂತು. ಆಗ ಅವನಿಗೆ ಇಪ್ಪತ್ತು ವರ್ಷ. ಪೀಠಿಕೆಯೂ ಸೇರಿ ಹತ್ತು ಭಾಗ, ಒಟ್ಟು ಸುಮಾರು 40 ನಿಮಿಷ. ಡಿ.ಜೆ. ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್.ಇ.ಎಸ್. ಬೇರೆಬೇರೆಯಾಗಿ ಸಂಗೀತ ಕಟ್ಟಿದರೂ ಇಡೀ ಕೃತಿ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಒಂದೇ ವಸತಿ ಸಮುಚ್ಚಯದ ಬದುಕಿನಲ್ಲೇ ನೆಟ್ಟುಕೊಂಡಿದೆ. ‘ದಿ ಸೋರ್ಸ್’ ಪತ್ರಿಕೆ ಅದಕ್ಕೆ ಐದಕ್ಕೆ ಐದು ಮೈಕ್ ಕೊಟ್ಟಿತು. ಮಾರಾಟ ಮಾತ್ರ ನಿಧಾನವಾಗಿತ್ತು; ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿಗಳ ಮನ್ನಣೆ ಸಿಕ್ಕಿದ್ದು 2001ರಲ್ಲಿ. ಮಾರಾಟವನ್ನೇ ಅಳತೆಗೋಲು ಮಾಡಿಕೊಂಡಿದ್ದರೆ 1994ರಲ್ಲಿ ಈ ಕೃತಿ ಎಣಿಕೆಗೆ ಸಿಗುತ್ತಿರಲಿಲ್ಲ.

ಅದರ ಹಿಂದೆಯೂ ಮುಂದೆಯೂ ಒಂದು ಸರಣಿ ಇದೆ. ಪೀಠಿಕೆಯಲ್ಲಿ ಹಿಪ್‌ಹಾಪ್‌ನ ಮೊದಲ ದಿನಗಳನ್ನು ಹಿಡಿದಿಟ್ಟ ‘ವೈಲ್ಡ್ ಸ್ಟೈಲ್’ ಚಿತ್ರದ ಧ್ವನಿ ಕೇಳುತ್ತದೆ. ಇನ್ನೊಂದು ಹಾಡಿನ ಕೊನೆಗೆ ನಾಸ್‌ನ ತಂದೆ, ಜಾಝ್ ಸಂಗೀತಗಾರ ಓಲು ದಾರಾ, ಕಾರ್ನೆಟ್ ನುಡಿಸಿದ್ದಾರೆ. ಎರಡೇ ವರ್ಷದಲ್ಲಿ ಇನ್ನೊಬ್ಬ ರ‍್ಯಾಪರ್ ಜೇ-ಝೀ ನಾಸ್‌ನ ಧ್ವನಿಯನ್ನೇ ಎತ್ತಿಕೊಂಡು ತನ್ನ ಹಾಡಿನ ಪಲ್ಲವಿ ಮಾಡಿದ; 2001ರಲ್ಲಿ ಅವರಿಬ್ಬರೇ ಹಾಡಿನಲ್ಲಿ ಎದುರುಬದುರಾದರು. ಹಿರಿಯರಿಂದ ಪಡೆದದ್ದು ಕೃತಿಯ ಒಳಗೆ ಕಾಣಬೇಕು, ಆ ಕೃತಿಯನ್ನು ಬಿಟ್ಟು ಮುಂದೆ ಹೋಗಲು ಕಿರಿಯರಿಗೆ ಆಗಬಾರದು. ಕ್ಲಾಸಿಕ್ ಎನಿಸುವುದರ ಮೊದಲ ಎರಡು ಗುಣ ಇವೇ ಎಂಬುದು ನನ್ನ ನಿಲುವು.

3. ಸವಾಲು-ಜವಾಬು

ಭೀಮಾ ಸೀಮೆಯ ಗೀಗೀ ಪದಗಳಲ್ಲಿ ಹರದೇಶಿ, ನಾಗೇಶಿ ಎಂಬ ಎರಡು ಪಕ್ಷ. ಮೊದಲನೆಯದು ಪುರುಷನ, ಶಿವನ ಹಿರಿಮೆಯನ್ನು ಎತ್ತಿ ಹಿಡಿದರೆ ಎರಡನೆಯದು ಹೆಣ್ಣಿನ, ಶಕ್ತಿಯ ಹಿರಿಮೆಯನ್ನು. ಡಪ್ಪು, ತುಂತುಣಿ, ತಾಳ ಹಿಡಿದ ಮೇಳಗಳು ಬೆಳತನಕ ಸವಾಲು-ಜವಾಬು ನಡೆಸುತ್ತವೆ. ಈ ಮೇಳಗಳು ಹಾಡುವ ಲಾವಣಿಯ ಕೊನೆಯ ನುಡಿಯಲ್ಲಿ ಕವಿ ತನ್ನ ಊರನ್ನೂ ಗುರುವನ್ನೂ ಹೆಸರಿಸುತ್ತಾನೆ. ನ್ಯೂಯಾರ್ಕಿನಲ್ಲೂ ಇಂಥ ಸವಾಲು-ಜವಾಬು ನಡೆಯಿತು: 1980ರ ದಶಕದ ನಡುಭಾಗದಲ್ಲಿ ಕ್ವೀನ್ಸ್‌ಬ್ರಿಜ್‌ನ ಎಂ.ಸಿ. ಶಾನ್ ತನ್ನ ಕೇರಿಯನ್ನು ಕೊಂಡಾಡಿದ್ದಕ್ಕೆ ಸೌತ್ ಬ್ರಾಂಕ್ಸ್‌ನ ಕೆ.ಆರ್.ಎಸ್.-ವನ್ ಹಾಡಿನಲ್ಲೇ ಜವಾಬು ಕೊಟ್ಟ. ನಾಸ್ ಬೆಳೆದದ್ದು ಆ ಜಗಳ ಕೇಳುತ್ತಲೇ. ಊರಿನ ಹೆಸರು ಎರಡು ಕಡೆಯೂ ಅಲಂಕಾರಕ್ಕೆ ಬಂದದ್ದಲ್ಲ. ಹಾಡಿದವನು ತನ್ನ ಮಾತಿಗೆ ತಾನೇ ಜಾಮೀನು ನಿಲ್ಲುವ ರೀತಿ ಅದು. ನಂಬಲು ಒಂದು ನೆಲೆ ಇದ್ದಾಗ ಕೇಳುಗನಿಗೆ ದೂರದ ಕೇರಿಯೂ ತನ್ನದಾಗುತ್ತದೆ. ಇದು ಮೂರನೆಯ ಗುಣ.

4. ಹೊತ್ತು ನಡೆಯುವವರು

ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿ ತಾಲೂಕಿಗೆ ಸೇರಿದ್ದ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ವಪದಗಳು 19ನೆಯ ಶತಮಾನದಿಂದ ಇಂದಿನವರೆಗೆ ಭಜನಾ ಮೇಳಗಳ ಬಾಯಲ್ಲಿ ಬಂದಿವೆ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಅವರ ಶಿಷ್ಯರು. ಶಿಷ್ಯರು ಗುರುವಿನ ಪದ ಹಾಡಿದರು, ಜೊತೆಗೆ ತಮ್ಮ ಪದಗಳನ್ನೂ ಕಟ್ಟಿದರು. ಪದ ಬಾಳಿದ್ದು ಈ ಎರಡೂ ಕೆಲಸ ಒಟ್ಟಿಗೆ ನಡೆದದ್ದರಿಂದ. ಬರೀ ಹಾಡಿದ್ದರೆ ಪದ ಅಲ್ಲೇ ನಿಲ್ಲುತ್ತಿತ್ತು. ಬರೀ ಹೊಸದು ಕಟ್ಟಿದ್ದರೆ ಹಳೆಯದು ಮರೆತುಹೋಗುತ್ತಿತ್ತು.

ಬಾಯಿಯ ಜೊತೆಗೆ ದಾಖಲೆಯೂ ಬೇಕು. ಪಡುವಣ ದಿಕ್ಕಿನ ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ಹೊರತಂದರು. ಮೇಳದಲ್ಲಿ ಕೇಳಿ ಮರೆಯಾಗಬಹುದಿದ್ದ ಲಾವಣಿ ಹೀಗೆ ಓದಿಗೂ ಚರ್ಚೆಗೂ ಒದಗಿತು. ಅತ್ತ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹ ‘ಇಲ್‌ಮ್ಯಾಟಿಕ್’ ಅನ್ನು 2021ರಲ್ಲಿ ಸೇರಿಸಿಕೊಂಡಿತು. ತದ್ವಿರುದ್ಧ ಉದಾಹರಣೆ ಡಿ ಲಾ ಸೋಲ್ ಎಂಬ ಹಿಪ್‌ಹಾಪ್ ತಂಡದ್ದು. ಅವರ 1989ರ ಮೊದಲ ಆಲ್ಬಮ್ ಎತ್ತಿಕೊಂಡ ಧ್ವನಿತುಣುಕುಗಳ ಹಕ್ಕಿನ ತೊಡಕಿನಿಂದ 2023ರ ಮಾರ್ಚ್‌ವರೆಗೆ ಸ್ಟ್ರೀಮಿಂಗ್ ತಾಣಗಳಿಗೆ ಬರಲಿಲ್ಲ. ಎಷ್ಟೇ ದೊಡ್ಡ ಕೃತಿಯಾದರೂ ಕೈಗೆ ಸಿಗದಿದ್ದರೆ ಒಂದು ತಲೆಮಾರಿನ ಕೇಳುಗರನ್ನು ಕಳೆದುಕೊಳ್ಳುತ್ತದೆ.

5. ಕನ್ನಡದ ಮಟ್ಟಿಗೆ

ಆಲ್ ಓಕೆ, ಚಂದನ್ ಶೆಟ್ಟಿ, ಎಂ.ಸಿ. ಬಿಜ್ಜು, ರಾಹುಲ್ ಡಿಟ್ಟೊ, ಗುಬ್ಬಿ ಮೊದಲಾದವರಿಂದ ಕನ್ನಡ ರ‍್ಯಾಪಿಗೆ ತನ್ನದೇ ಕೇಳುಗರು ಸಿಕ್ಕರು. ಈ ಬೆಳವಣಿಗೆ ಬಹುಪಾಲು ಯೂಟ್ಯೂಬಿನಲ್ಲಿ, ಒಂದೊಂದೇ ಹಾಡಾಗಿ ನಡೆಯಿತು. ಬಿಡಿ ಹಾಡಿಗೆ ತನ್ನ ಬಲ ಇದ್ದೇ ಇದೆ. ಆದರೆ ಒಂದು ಊರಿನ ಬದುಕನ್ನು ಹಲವು ದಿಕ್ಕಿನಿಂದ ನೋಡಿ, ಒಂದು ಹಾಡಿನ ಮಾತನ್ನು ಇನ್ನೊಂದರಿಂದ ಪ್ರಶ್ನಿಸಲು ಆಲ್ಬಮ್ಮಿನ ವಿಸ್ತಾರ ಬೇಕು. ಕಬ್ಬಿನ ಕಾರ್ಖಾನೆಯ ಹಂಗಾಮು, ತೊಗರಿಯ ಬೆಲೆ, ಭೀಮಾ ನೆರೆ, ಬೆಂಗಳೂರು-ಪುಣೆಗೆ ಗುಳೆ ಹೋಗುವ ಕುಟುಂಬ: ಇವೆಲ್ಲ ಹವಳಗಾ ಸೀಮೆಯ ಮಾತಿನಲ್ಲಿ, ಅದರ ಕನ್ನಡ-ದಖನಿ-ಮರಾಠಿ ಬೆರಕೆಯಲ್ಲಿ, ಒಂದೇ ಕೃತಿಯಾಗಿ ಬರುವಷ್ಟು ಸರಕು ಇಲ್ಲಿದೆ. ಗೀಗೀ ಮೇಳದಲ್ಲಿ ಪಳಗಿದ ಕಿವಿಗಳೂ ಇವೆ.

ಕೃತಿ ಕಟ್ಟುವುದು ಕಲಾವಿದರ ಕೆಲಸ. ಸಂಶೋಧಕರ ಕೆಲಸ ಇಂದೇ ಶುರುವಾಗಬೇಕು. ಪ್ರತಿ ಹಾಡಿಗೂ ಸಾಹಿತ್ಯ ಯಾರದು, ಬೀಟ್ ಯಾರದು, ಧ್ವನಿತುಣುಕು ಎಲ್ಲಿಯದು, ಯಾವ ಊರಿನ ನುಡಿ, ಯಾವ ಹಾಡಿಗೆ ಜವಾಬು ಎಂಬುದನ್ನು ಬರೆದಿಡಬೇಕು. ಧ್ವನಿಮುದ್ರಣವನ್ನು ಒಂದೇ ತಾಣದ ದಯೆಗೆ ಬಿಡದೆ ಕಾಪಿಡಬೇಕು. ಹಲಸಂಗಿಯ ಗೆಳೆಯರು ಲಾವಣಿಗೆ ಮಾಡಿದ್ದನ್ನು ಕಲಬುರಗಿಯ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ರ‍್ಯಾಪಿಗೆ ಮಾಡಬಲ್ಲವು. ಇಂಥ ದಾಖಲೆ ಇದ್ದರೆ ಮಾತ್ರ ಮುಂದಿನ ತಲೆಮಾರು ಯಾವ ಕೃತಿಗೆ ಜವಾಬು ಕೊಡುತ್ತಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ಕ್ಲಾಸಿಕ್ ಯಾವುದೆಂಬ ತೀರ್ಪು ಹೊರಡುವುದು ಆ ಜವಾಬಿನಿಂದಲೇ.